ಅಕ್ಷರ, ಲಾಂಛನ, ಡಬ್ಬಿ: ರಾಜಾಜಿನಗರದ ಸೋಪು ಕಲಿಸೋ ಡಿಸೈನ್ ಪಾಠ

1/10
ಮೊದಲ ವರ್ಷದ ಮೂರು ಅಸೈನ್‌ಮೆಂಟ್‌ಗೂ ಉತ್ತರ ನಿಮ್ಮ ಬಚ್ಚಲುಮನೆಯಲ್ಲೇ ಇದೆ.

ಡಿಸೈನ್ ಓದೋ ಯಾರನ್ನಾದ್ರೂ ಕೇಳಿ ನೋಡಿ. ಮೊದಲ ವರ್ಷದಲ್ಲಿ ಹೆಚ್ಚೂ ಕಮ್ಮಿ ಮೂರೇ ಕೆಲಸ. ಒಂದು ಪದವನ್ನ ಕೈಯಲ್ಲಿ ಬರೀರಿ. ಒಂದು ಲೋಗೋ ಮಾಡಿ. ಒಂದು ಪ್ಯಾಕೇಜ್ ಮಾಡಿ. ಬ್ರೀಫ್ ಕೈಗೆ ಬಂದ ಕೂಡ್ಲೇ ನಾವೆಲ್ಲ ಏನ್ ಮಾಡ್ತೀವಿ? ಫೋನ್ ತೆಗೆದು ಪಿಂಟರೆಸ್ಟ್ ನೋಡ್ತೀವಿ. ಅಲ್ಲಿ ಸ್ವಿಟ್ಜರ್ಲೆಂಡಿನ ಪೋಸ್ಟರ್, ಜಪಾನಿನ ಚಹಾ ಡಬ್ಬಿ, ನ್ಯೂಯಾರ್ಕಿನ ಕಾಫಿ ಕಪ್ ಸಾಲಾಗಿ ಬರುತ್ತೆ. ಚೆನ್ನಾಗೇ ಇರುತ್ತೆ, ಬೇಡ ಅಂತಿಲ್ಲ.

ಆದ್ರೆ ಈ ಮೂರೂ ಕೆಲಸವನ್ನ ನೂರು ವರ್ಷದ ಹಿಂದೆನೇ ಮಾಡಿ ಮುಗಿಸಿ, ಇವತ್ತಿಗೂ ಮೂಲೆ ಅಂಗಡಿಯಲ್ಲಿ ಮಾರಾಟ ಆಗ್ತಿರೋ ವಸ್ತು ಒಂದಿದೆ. ಅದರ ಕಾರ್ಖಾನೆ ನಮ್ಮ ರಾಜಾಜಿನಗರದಲ್ಲಿದೆ. ಅದರ ಹೆಸರಲ್ಲಿ ಒಂದು ಮೆಟ್ರೋ ಸ್ಟೇಷನ್ನೇ ಇದೆ. ಹಸಿರು ಮಾರ್ಗದಲ್ಲಿ ಮಹಾಲಕ್ಷ್ಮಿ ದಾಟಿ ಯಶವಂತಪುರಕ್ಕೆ ಮುಂಚೆ ಬರೋ ನಿಲ್ದಾಣ.

ಮೈಸೂರು ಸ್ಯಾಂಡಲ್ ಸೋಪ್.

ಈ ಹತ್ತು ಪೋಸ್ಟು ಸೋಪಿನ ಜಾಹೀರಾತಲ್ಲ. ಒಂದು ಪ್ರಶ್ನೆ ಹಿಡ್ಕೊಂಡು ಹೊರಟಿದ್ದೀನಿ. ಒಂದು ಗುರುತು ನೂರು ವರ್ಷ ಬಾಳೋದು ಹೇಗೆ? ಅದೇ ಊರಿನ ನಾವು ಇವತ್ತು ಮಾಡೋ ಕನ್ನಡ ಡಿಸೈನು ಒಂದು ಸೆಮಿಸ್ಟರ್ ಕೂಡ ಯಾಕೆ ಬಾಳಲ್ಲ?

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಆ ಡಬ್ಬಿ ಮಾಡಿದವರಿಗೆ ಈ ನೆಲದ ಚಿತ್ರ, ಈ ನೆಲದ ಮಾತೇ ಕಚ್ಚಾ ಸಾಮಗ್ರಿ. ನಮಗೆ ಕನ್ನಡ ಅನ್ನೋದು ಎಲ್ಲಾ ಮುಗಿದ ಮೇಲೆ ಅಂಟಿಸೋ ಕೊನೇ ಲೇಯರ್.

ಹೌದೋ ಅಲ್ವೋ, ಹತ್ತನೇ ಪೋಸ್ಟ್ ಓದಿದ ಮೇಲೆ ನೀವೇ ಹೇಳಿ.

2/10
ಬ್ರೀಫ್ ಬರೆದಿದ್ದು ಒಂದು ಮಹಾಯುದ್ಧ.

ಯಾವ ಡಿಸೈನ್ ಹಿಂದೆಯೂ ಒಂದು ತೊಂದರೆ ಇರುತ್ತೆ. ಈ ಸೋಪಿನ ಹಿಂದೆ ಇದ್ದ ತೊಂದರೆ, ಮಾರಾಟವಾಗದೆ ಬಿದ್ದಿದ್ದ ಮರ.

ಮೈಸೂರು ಸಂಸ್ಥಾನದ ಕಾಡಿನ ಶ್ರೀಗಂಧ ಸರ್ಕಾರದ ಸ್ವತ್ತು. ಕಡಿದ ಮರದ ಬಹುಪಾಲು ಹಡಗು ಹತ್ತಿ ಯುರೋಪಿಗೆ ಹೋಗ್ತಿತ್ತು. ಎಣ್ಣೆ ತೆಗೆಯೋದು ಅಲ್ಲಿ, ಅದರಿಂದ ಸುಗಂಧದ್ರವ್ಯ ಮಾಡೋದು ಅಲ್ಲಿ, ಲಾಭವೂ ಅಲ್ಲೇ. ಮರ ಮಾತ್ರ ನಮ್ಮದು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಈ ದಾರಿ ಮುಚ್ಚಿಹೋಯ್ತು. ಮರ ರಾಶಿ ರಾಶಿ ಉಳೀತು.

ಆಗ ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನರು ಸರ್ ಎಂ. ವಿಶ್ವೇಶ್ವರಯ್ಯ. ಮರ ಹೊರಗೆ ಹೋಗದಿದ್ರೆ ಎಣ್ಣೆ ಇಲ್ಲೇ ತೆಗೆಯೋಣ ಅನ್ನೋ ತೀರ್ಮಾನ ಆಯ್ತು. ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಮುಂದೆ ನಿಂತರು. ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೀತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಪ್ರಯೋಗ ಮಾಡಿದ್ರು. 1916ರಲ್ಲಿ ಬೆಂಗಳೂರಿನಲ್ಲೇ ಗಂಧದೆಣ್ಣೆ ಇಳಿಯೋಕೆ ಶುರುವಾಯ್ತು.

ಎಣ್ಣೆ ಸಿಕ್ತು, ಸರಿ. ಎಣ್ಣೆಯನ್ನ ಪೀಪಾಯಿಯಲ್ಲಿ ಮಾರಿದ್ರೆ ಮತ್ತೆ ಅದೇ ಕಥೆ ತಾನೇ? ಬೆಲೆ ಬರೋದು ಕೊನೇ ವಸ್ತುವಿಗೆ. ಹಾಗಾಗಿ ಸೋಪು.

ಅದಕ್ಕೆ ಆರಿಸಿದ್ದು ಸೋಸಲೆ ಗರಳಪುರಿ ಶಾಸ್ತ್ರಿ ಅನ್ನೋ ರಸಾಯನಶಾಸ್ತ್ರಜ್ಞರನ್ನ. ಸೋಪು ಮತ್ತು ಸುಗಂಧದ ವಿದ್ಯೆ ಕಲಿಯೋಕೆ ಅವರನ್ನ ಇಂಗ್ಲೆಂಡಿಗೆ ಕಳಿಸಿದ್ರು. ಕಲಿತು ಬಂದವರು ಜನರ ಬಾಯಲ್ಲಿ ‘ಸೋಪ್ ಶಾಸ್ತ್ರಿ’ ಆಗಿಬಿಟ್ರು. 1918ರಲ್ಲಿ ಸೋಪು ಮಾರುಕಟ್ಟೆಗೆ ಬಂತು.

ನಾವು ಹಾಡಿ ಹೊಗಳೋ ಬೌಹೌಸ್ ಶಾಲೆ ಜರ್ಮನಿಯಲ್ಲಿ ಶುರುವಾಗಿದ್ದು 1919ರಲ್ಲಿ. ಅದಕ್ಕಿಂತ ಒಂದು ವರ್ಷ ಹಿರಿಯದು ನಮ್ಮ ಸೋಪು!

3/10
ಸೋಪಿನ ಡಬ್ಬಿಗೆ ಒಡವೆ ಪೆಟ್ಟಿಗೆಯ ಆಕಾರ ಯಾಕೆ?

1918ರ ಅಂಗಡಿಯೊಳಗೆ ಒಮ್ಮೆ ನಿಂತು ನೋಡಿ. ಅಲ್ಲಿ ‘ಒಳ್ಳೇ ಸೋಪು’ ಅಂದ್ರೆ ಸೀಮೆ ಸೋಪು. ಲಿವರ್ ಬ್ರದರ್ಸ್‌ನ ಸನ್‌ಲೈಟ್ ಸೋಪಿನ ಪೆಟ್ಟಿಗೆಗಳು 1888ರಲ್ಲೇ ಕಲ್ಕತ್ತೆ ಬಂದರಿಗೆ ಬಂದಿಳಿದಿದ್ವು. ಲಂಡನ್ನಿನ ಪಿಯರ್ಸ್ ಅದಕ್ಕಿಂತ ಹಳೇ ಹೆಸರು. ಇವರ ಎದುರಿಗೆ ನಮ್ಮೂರಿನ ಸರ್ಕಾರಿ ಕಾರ್ಖಾನೆಯ ಹೊಸ ಸೋಪು. ಯಾರು ತಗೋತಾರೆ?

ಪ್ಯಾಕೇಜಿಂಗ್ ಕ್ಲಾಸಲ್ಲಿ ಕೇಳೋ ಮೊದಲ ಪ್ರಶ್ನೆ ಇದೇ ಅಲ್ವಾ: ಒಳಗಿರೋದನ್ನ ಮುಟ್ಟದೆ, ಮೂಸದೆ, ಜನ ಹೇಗೆ ನಂಬಬೇಕು?

ಶಾಸ್ತ್ರಿಯವರು ಕೊಟ್ಟ ಉತ್ತರ ನೋಡಿ. ಬಿಲ್ಲೆ ಚೌಕವಾಗಿಲ್ಲ, ಅಂಡಾಕಾರ. ಅದನ್ನ ಬರೀ ಕಾಗದದಲ್ಲಿ ಸುತ್ತಿ ಕೊಡಲಿಲ್ಲ. ಒಡವೆ ಅಂಗಡಿಯವರು ಬಳಸೋ ಥರದ ತೆಳು ಕಾಗದ, ಮೇಲೆ ಒಡವೆ ಪೆಟ್ಟಿಗೆಯನ್ನ ನೆನಪಿಸೋ ಆಯತಾಕಾರದ ಡಬ್ಬಿ, ಡಬ್ಬಿ ಮೇಲೆ ಹೂಬಳ್ಳಿ, ನಡುವೆ ಲಾಂಛನ. ಮೂರು ಬಿಲ್ಲೆ ಜೊತೆಗಿಟ್ಟ ಪೆಟ್ಟಿಗೆಯೂ ಬಂತು. ಮದುವೆ ಮನೆಗೆ ಉಡುಗೊರೆ ಕೊಡಬಹುದು ಅನ್ನೋ ಹಾಗೆ.

ಇದನ್ನ ಬರೀ ಅಲಂಕಾರ ಅನ್ಕೋಬೇಡಿ. ನಮ್ಮ ಮನೆಗಳಲ್ಲಿ ಬೆಲೆಬಾಳೋದು ಎಲ್ಲಿರುತ್ತೆ? ಪೆಟ್ಟಿಗೆಯೊಳಗೆ, ಕಾಗದದಲ್ಲಿ ಸುತ್ತಿ. ಆ ಅಭ್ಯಾಸವನ್ನೇ ಸೋಪಿಗೆ ತಂದ್ರು. ‘ಇದು ದುಬಾರಿ ವಸ್ತು’ ಅಂತ ಎಲ್ಲೂ ಬರೆಯೋ ಅಗತ್ಯ ಬೀಳಲಿಲ್ಲ. ಡಬ್ಬಿ ತೆರೆಯೋ ಕೈಗೇ ಅದು ಗೊತ್ತಾಗ್ತಿತ್ತು. ಇವತ್ತು ನಾವು ‘ಅನ್‌ಬಾಕ್ಸಿಂಗ್’ ಅಂತ ರೀಲ್ಸ್ ಮಾಡೋದು ಇದನ್ನೇ.

ಪ್ರಚಾರ? ಊರೂರಲ್ಲಿ ಕಣ್ಣು ಕುಕ್ಕೋ ಬಣ್ಣದ ಫಲಕಗಳು, ಟ್ರಾಮ್ ಟಿಕೆಟ್ ಮೇಲೆ ಸೋಪಿನ ಡಬ್ಬಿ, ಬೆಂಕಿಪೊಟ್ಟಣದ ಮೇಲೆ ಸೋಪಿನ ಡಬ್ಬಿ. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ಕೂಡ ಮಾಡಿಸಿದ್ರು. ಗಮನಿಸಿ, ಎಲ್ಲಾ ಕಡೆ ತೋರಿಸಿದ್ದು ಡಬ್ಬಿಯನ್ನೇ. ಡಬ್ಬಿಯೇ ಜಾಹೀರಾತು.

ಮನೆಯಲ್ಲಿ ಖಾಲಿ ಡಬ್ಬಿ ಇದ್ರೆ ಎಸೀಬೇಡಿ. ಹತ್ತನೇ ಪೋಸ್ಟಲ್ಲಿ ಬೇಕಾಗುತ್ತೆ.

4/10
ಆನೆ ತಲೆ, ಸಿಂಹದ ಮೈ: ಈ ಪ್ರಾಣಿ ಎಲ್ಲಿಂದ ಬಂತು?

ಡಬ್ಬಿಯ ನಡುವೆ ಇರೋ ಪ್ರಾಣಿಯ ಹೆಸರು ಶರಭ. ದೇಹ ಸಿಂಹದ್ದು, ತಲೆ ಆನೆಯದು. ಸಿಂಹದ ಧೈರ್ಯ, ಆನೆಯ ಬುದ್ಧಿ, ಎರಡೂ ಸೇರಿದ ಬಲ ಅನ್ನೋದು ಅದರ ಅರ್ಥ. ಪುರಾಣದಲ್ಲಿ ಶರಭ ಅಂದ್ರೆ ಉಗ್ರ ನರಸಿಂಹನನ್ನ ಶಾಂತ ಮಾಡೋಕೆ ಶಿವ ತಾಳಿದ ರೂಪ. ಅಲ್ಲಿ ಅದಕ್ಕೆ ರೆಕ್ಕೆಯೂ ಇರುತ್ತೆ. ನಮ್ಮ ಸೋಪಿನ ಮೇಲಿರೋದು ಗಜಕೇಸರಿ ಬಗೆಯದು.

ಈಗ ನಿಮ್ಮ ಮಾರ್ಕ್ಸ್ ಕಾರ್ಡೋ, ಜಾತಿ ಪ್ರಮಾಣಪತ್ರವೋ ತೆಗೆದು ಕರ್ನಾಟಕ ಸರ್ಕಾರದ ಲಾಂಛನ ನೋಡಿ. ನಡುವೆ ಗಂಡಭೇರುಂಡ, ಎರಡು ತಲೆಯ ಹಕ್ಕಿ. ಅದರ ಎಡಕ್ಕೊಂದು ಬಲಕ್ಕೊಂದು ನಿಂತಿರೋದು ಯಾರು? ಅದೇ ಆನೆ ತಲೆಯ ಸಿಂಹ. ಈ ಲಾಂಛನ ಮೈಸೂರು ಸಂಸ್ಥಾನದಿಂದ ಬಂದದ್ದು.

ಅಂದ್ರೆ ಸೋಪಿನ ಮೇಲೆ ಕೂತಿರೋದು ರಾಜಲಾಂಛನದ ನಡುವಿನ ಹಕ್ಕಿಯಲ್ಲ, ಪಕ್ಕದ ಕಾವಲುಗಾರ. ಡಿಸೈನ್ ಕಣ್ಣಿಂದ ನೋಡಿದ್ರೆ ಇದು ಎಷ್ಟು ಒಳ್ಳೇ ಆಯ್ಕೆ ಗೊತ್ತಾ? ಅರಮನೆಯ ನಂಟು ಕಾಣುತ್ತೆ. ಆದ್ರೆ ರಾಜಮುದ್ರೆಯನ್ನೇ ಬಚ್ಚಲಿಗೆ ತಂದ ಹಾಗೂ ಆಗಲ್ಲ. ಅದೂ ಅಲ್ಲದೆ ಎರಡು ಪ್ರಾಣಿ ಸೇರಿದ ಆ ಆಕಾರ ಬೇರೆ ಯಾವ ಸೋಪಿನ ಮೇಲೂ ಬರೋಕೆ ಸಾಧ್ಯವಿರಲಿಲ್ಲ. ಹೂವು, ಸೂರ್ಯ, ನಕ್ಷತ್ರ ಯಾರು ಬೇಕಾದ್ರೂ ಹಾಕ್ಬಹುದು. ಶರಭ ಹಾಕಬೇಕಾದ್ರೆ ಅದರ ಹಿಂದೆ ಒಂದು ಊರು, ಒಂದು ಕಥೆ ಇರಬೇಕು.

ಲೋಗೋ ಕ್ಲಾಸಲ್ಲಿ ನಮಗೆ ‘ಹೊಸದು ಹುಡುಕಿ’ ಅಂತ ಹೇಳ್ತಾರೆ. ಶಾಸ್ತ್ರಿಯವರ ದಾರಿ ಬೇರೆ. ಜನರ ಕಣ್ಣಿಗೆ ಆಗಲೇ ರೂಢಿಯಾಗಿದ್ದ, ದೇವಸ್ಥಾನದ ಕಂಬದಲ್ಲೂ ಅರಮನೆಯ ಲಾಂಛನದಲ್ಲೂ ನೋಡಿದ್ದ ರೂಪವನ್ನ ತಂದು ಹೊಸ ಜಾಗದಲ್ಲಿ ಇಟ್ರು. ಗುರುತು ಹಳೇದು, ಕೆಲಸ ಹೊಸದು. ನೆನಪಿಟ್ಟುಕೊಳ್ಳೋ ಶ್ರಮ ಕೊಳ್ಳೋರಿಗೆ ಇಲ್ಲ.

5/10
ಓದೋಕೆ ಬರದವರಿಗೂ ಓದೋಕೆ ಬರೋದೇ ಲೋಗೋ.

1951ರ ಜನಗಣತಿಯಲ್ಲಿ ಭಾರತದ ಸಾಕ್ಷರತೆ ಶೇಕಡ 18ರ ಹತ್ತಿರ. ಹತ್ತು ಜನರಲ್ಲಿ ಎಂಟು ಜನಕ್ಕೆ ಡಬ್ಬಿ ಮೇಲಿನ ಹೆಸರು ಓದೋಕೆ ಬರ್ತಿರಲಿಲ್ಲ. ಆದ್ರೂ ಅವರು ಅಂಗಡಿಗೆ ಹೋಗಿ ಬೇಕಾದ್ದೇ ತರ್ತಿದ್ರು. ಹೇಗೆ? ಚಿತ್ರ ನೋಡಿ.

ಮೈಸೂರಿನ ಇನ್ನೊಂದು ಉದಾಹರಣೆ ತಗೊಳ್ಳಿ. 1948ರಲ್ಲಿ ಎನ್. ರಂಗರಾವ್ ಊದುಬತ್ತಿ ವ್ಯಾಪಾರ ಶುರುಮಾಡಿದ್ರು. ಆ ಊದುಬತ್ತಿಗೆ ನಿಂತ ಗುರುತು ಸೈಕಲ್. ಸೈಕಲ್ಲಿಗೂ ಪೂಜೆಗೂ ಏನು ಸಂಬಂಧ ಅಂತ ಕೇಳ್ಬಹುದು. ಸಂಬಂಧ ಬೇಕಾಗಿರಲಿಲ್ಲ. ಸೈಕಲ್ ಅನ್ನೋ ಪದ ಕನ್ನಡದಲ್ಲೂ ಅದೇ, ತಮಿಳಿನಲ್ಲೂ ಅದೇ, ಹಿಂದಿಯಲ್ಲೂ ಅದೇ. ಚಿತ್ರ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ‘ಸೈಕಲ್ ಬತ್ತಿ ಕೊಡಿ’ ಅಂದ್ರೆ ಮುಗೀತು. ಹಾಲಿನ ವಿಷಯವೂ ಹಾಗೇ ಅಲ್ವಾ? ಬೆಳಿಗ್ಗೆ ನಂದಿನಿ ಬೂತಲ್ಲಿ ಯಾರೂ ‘ಟೋನ್ಡ್ ಮಿಲ್ಕ್’ ಅನ್ನಲ್ಲ. ‘ಎರಡು ನೀಲಿ, ಒಂದು ಆರೆಂಜ್’ ಅಂತಾರೆ.

ಬಸವೇಶ್ವರನಗರದಲ್ಲಿ ನಮ್ಮ ಬೀದಿಯ ಆಂಟಿ ಒಬ್ಬರು ಸಾರಿನ ಪುಡಿ ಮಾಡಿ ಮಾರ್ತಾರೆ. ಅವರ ಪ್ಯಾಕೆಟ್ಟಿಗೆ ಲೇಬಲ್ ಮಾಡೋದು ನಾನು ಕ್ಲಾಸಿನ ಹೊರಗೆ ಹಿಡಿದ ಮೊದಲ ಕೆಲಸ. ಅವರು ಕೊಟ್ಟ ಬ್ರೀಫ್ ಎರಡೇ ವಾಕ್ಯ: ‘ಒಂದೇ ಬಣ್ಣದಲ್ಲಿ ಮುಗಿಸು, ಜಾಸ್ತಿ ಬಣ್ಣ ಆದ್ರೆ ಖರ್ಚು. ನಮ್ಮತ್ತೆ ಕನ್ನಡಕ ಇಲ್ದೆನೂ ಯಾವ ಪುಡಿ ಅಂತ ಹೇಳ್ಬೇಕು.’

ಯಾವ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೇ ಬ್ರೀಫ್ ಸಿಗುತ್ತೆ ಹೇಳಿ? ಸಾರಿನ ಪುಡಿಗೆ ಒಗ್ಗರಣೆ ಸೌಟು, ಹುಳಿ ಪುಡಿಗೆ ಕುಕ್ಕರ್, ಚಟ್ನಿ ಪುಡಿಗೆ ದೋಸೆ. ಚಿತ್ರ ದೊಡ್ಡದು, ಹೆಸರು ಕನ್ನಡದಲ್ಲಿ ಅಷ್ಟೇ ದೊಡ್ಡದು. ಅವರ ಗಿರಾಕಿಗಳು ಈಗ ‘ಸೌಟಿಂದು ಎರಡು ಕೊಡಿ’ ಅಂತಾರೆ.

ಲೋಗೋ ಕೆಲಸ ಮಾಡ್ತಿದೆ ಅಂತ ಗೊತ್ತಾಗೋದು ಆವಾಗ. ಜನ ಅದನ್ನ ಹೆಸರಾಗಿ ಕರೆಯೋಕೆ ಶುರುಮಾಡಿದಾಗ.

6/10
ಹೆಸರು ಮೈಸೂರು, ವಿಳಾಸ ರಾಜಾಜಿನಗರ. ಇದೇನಿದು?

ಕಾಮೆಂಟಲ್ಲಿ ತುಂಬಾ ಜನ ಕೇಳೋ ಪ್ರಶ್ನೆ: ಬೆಂಗಳೂರಲ್ಲಿ ತಯಾರಾಗೋ ಸೋಪಿಗೆ ಮೈಸೂರು ಅನ್ನೋ ಹೆಸರು ಯಾಕೆ?

ಆ ಮೈಸೂರು ಊರಿನ ಹೆಸರಲ್ಲ, ನಾಡಿನ ಹೆಸರು. ಬೆಂಗಳೂರು ಮೈಸೂರು ಸಂಸ್ಥಾನದೊಳಗೆ ಇತ್ತು. ಸ್ವಾತಂತ್ರ್ಯ ಬಂದು, 1956ರಲ್ಲಿ ಕನ್ನಡ ನಾಡು ಒಂದಾದ ಮೇಲೂ ರಾಜ್ಯದ ಹೆಸರು ಮೈಸೂರು ಅಂತಲೇ ಇತ್ತು. ಕರ್ನಾಟಕ ಆಗಿದ್ದು 1973ರ ನವೆಂಬರ್ 1ಕ್ಕೆ. ರಾಜ್ಯದ ಹೆಸರು ಬದಲಾಯ್ತು, ಸೋಪಿನ ಹೆಸರು ಹಾಗೇ ಉಳೀತು. ಅಂದ್ರೆ ನೀವು ದಿನಾ ಬಿಚ್ಚೋ ಆ ಡಬ್ಬಿ ಮೇಲೆ ಹಳೇ ರಾಜ್ಯವೊಂದು ಇನ್ನೂ ಜೀವಂತವಾಗಿದೆ.

ಕಾರ್ಖಾನೆ ಮೊದಲು ಇದ್ದದ್ದು ಕಬ್ಬನ್ ಪಾರ್ಕ್ ಹತ್ತಿರ, ಕೆ.ಆರ್. ಸರ್ಕಲ್ ಕಡೆ. 1957ರ ಜುಲೈಯಲ್ಲಿ ರಾಜಾಜಿನಗರಕ್ಕೆ ಬಂತು. ಸಿ. ರಾಜಗೋಪಾಲಾಚಾರಿಯವರ ಹೆಸರಿಟ್ಟ ಈ ಬಡಾವಣೆಯನ್ನ ಕೈಗಾರಿಕೆಗೂ, ಅಲ್ಲಿ ದುಡಿಯೋರ ಮನೆಗಳಿಗೂ ಅಂತ ಕಟ್ಟಿದ್ದು. 1980ರ ಅಕ್ಟೋಬರ್‌ನಲ್ಲಿ ಸೋಪು ಮತ್ತು ಗಂಧದೆಣ್ಣೆ ಕಾರ್ಖಾನೆಗಳು ಸೇರಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಆಯ್ತು. 2006ರಲ್ಲಿ ಸೋಪಿಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ತು. ಅಂದ್ರೆ ಬೇರೆ ಕಡೆಯವರು ಆ ಹೆಸರು ಬಳಸೋ ಹಾಗಿಲ್ಲ. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿವರೆಗೆ ಮೆಟ್ರೋ ಓಡಿದಾಗ ನಿಲ್ದಾಣಕ್ಕೂ ಅದೇ ಹೆಸರು.

ಒಂದು ಕಾಕತಾಳೀಯ ಹೇಳ್ತೀನಿ. ಕಾರ್ಖಾನೆ ಇಲ್ಲಿಗೆ ಬಂದ ಮರುವರ್ಷವೇ, 1958ರಲ್ಲಿ, ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರಕ್ಕೆ ‘ಇಂಡಿಯಾ ರಿಪೋರ್ಟ್’ ಕೊಟ್ರು. ಅದರಲ್ಲಿ ಅವರು ಅತ್ಯುತ್ತಮ ವಿನ್ಯಾಸಕ್ಕೆ ಉದಾಹರಣೆಯಾಗಿ ಎತ್ತಿದ್ದು ನಮ್ಮ ಮನೆಯ ಚೊಂಬು! ಆ ವರದಿಯ ಬೆನ್ನಲ್ಲೇ 1961ರಲ್ಲಿ ಅಹಮದಾಬಾದಿನ ಎನ್‌ಐಡಿ ಹುಟ್ಟಿತು. ಚೊಂಬು, ಸೋಪು, ಎರಡೂ ಒಂದೇ ಬಚ್ಚಲುಮನೆಯವು. ನಾವು ಮಾತ್ರ ರೆಫರೆನ್ಸಿಗೆ ಬೇರೆ ದೇಶ ಸುತ್ತುತ್ತಾ ಇದ್ದೀವಿ.

7/10
ನಮ್ಮ ನಾಲ್ಕು ಏರಿಯಾಗಳ ಹೆಸರೇ ಒಂದು ಲೆಟರಿಂಗ್ ಕೋರ್ಸು.

ಲಾಂಛನ ಆಯ್ತು, ಡಬ್ಬಿ ಆಯ್ತು. ಇನ್ನು ಅಕ್ಷರ. ಸೋಪನ್ನ ಒಂದು ಪೋಸ್ಟಿನ ಮಟ್ಟಿಗೆ ಪಕ್ಕಕ್ಕಿಟ್ಟು ಬೀದಿಗೆ ಬನ್ನಿ.

ಪೆನ್ಸಿಲ್ ತಗೊಂಡು ಬರೀರಿ: ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ.

ಮೊದಲು ಕೆಳಗಡೆ ನೋಡಿ. ರಾಜಾಜಿನಗರದಲ್ಲಿ ಒತ್ತಕ್ಷರ ಇಲ್ಲ. ವಿಜಯನಗರದಲ್ಲೂ ಇಲ್ಲ, ಕೆಂಗೇರಿಯಲ್ಲೂ ಇಲ್ಲ. ಮೂರೂ ಪದ ಒಂದೇ ಗೆರೆ ಮೇಲೆ ನೆಟ್ಟಗೆ ಕೂರುತ್ತೆ. ಬಸವೇಶ್ವರನಗರದಲ್ಲಿ ಮಾತ್ರ ‘ಶ್ವ’ ಇದೆ. ಎಂಟು ಅಕ್ಷರದಲ್ಲಿ ನಾಲ್ಕನೇದಕ್ಕೆ ಒಂದೇ ಒಂದು ವಕಾರದ ಒತ್ತು ಕೆಳಗೆ ಜೋತಾಡುತ್ತೆ. ಆ ಒಂದು ಒತ್ತಿಗಾಗಿ ಇಡೀ ಪದದ ಕೆಳಗೆ ಜಾಗ ಬಿಡಬೇಕು. ಅಥವಾ ಆ ಒತ್ತನ್ನೇ ಹೀರೋ ಮಾಡಬೇಕು. ನೀವು ಯಾವುದು ಮಾಡ್ತೀರಿ?

ಈಗ ಮೇಲ್ಗಡೆ ನೋಡಿ. ರ, ನ, ಗ, ಸ ಇವಕ್ಕೆ ತಲೆಕಟ್ಟು ಇದೆ. ಜ ಮತ್ತು ಬ ಇವಕ್ಕೆ ಇಲ್ಲ. ಹಾಗಾಗಿ ಕನ್ನಡದ ಮೇಲ್ಗೆರೆ ಹಿಂದಿಯ ಹಾಗೆ ಉದ್ದಕ್ಕೂ ಎಳೆದ ಗೆರೆಯಲ್ಲ, ಇಂಗ್ಲಿಷ್ ಕ್ಯಾಪಿಟಲ್ ಅಕ್ಷರದ ಹಾಗೆ ಸಮವೂ ಅಲ್ಲ. ಅದು ಏರಿಳಿಯುತ್ತೆ. ಆ ಏರಿಳಿತವೇ ನಮ್ಮ ಲಿಪಿಯ ಲಯ.

ಕೆಂಗೇರಿಯ ಸೊನ್ನೆ ನೋಡಿ. ಅದು ಅಲ್ಲಿ ಬರೀ ಒಂದು ಚುಕ್ಕಿಯಲ್ಲ, ಪೂರ್ತಿ ವೃತ್ತ. ಎರಡು ಅಕ್ಷರದ ನಡುವೆ ಅದಕ್ಕೆ ಎಷ್ಟು ಉಸಿರು ಕೊಡ್ತೀರಿ ಅನ್ನೋದರ ಮೇಲೆ ಪದ ಚೆಂದವಾಗುತ್ತೆ, ಇಲ್ಲ ಹಲ್ಲು ಬಿದ್ದ ಹಾಗೆ ಕಾಣುತ್ತೆ.

ಇನ್ನೊಂದು ಮಜಾ. ಮೂರು ಹೆಸರಿನ ಕೊನೆಯಲ್ಲಿ ‘ನಗರ’ ಇದೆ. ವಿಜಯನಗರದ ಒಂದು ರಸ್ತೆ ನಡೆದುಹೋದ್ರೆ ಇದೇ ಮೂರಕ್ಷರ ಇಪ್ಪತ್ತು ಥರ ಸಿಗುತ್ತೆ: ದೇವಸ್ಥಾನದ ಕಮಾನಿನ ಮೇಲೆ, ಬಸ್ಸಿನ ಬೋರ್ಡಿನಲ್ಲಿ, ಸ್ಕೂಲ್ ಗೇಟಿನಲ್ಲಿ, ಹಳೇ ಕ್ಲಿನಿಕ್ಕಿನ ಗೋಡೆ ಮೇಲೆ. ಎಲ್ಲಾ ಫೋಟೋ ತೆಗೆದು ಪಕ್ಕಪಕ್ಕ ಇಡಿ. ಒಂದು ಸೆಮಿಸ್ಟರಿನ ಪಾಠ ಒಂದು ಗಂಟೇಲಿ ಆಗುತ್ತೆ.

8/10
‘ಗಂಧದ’ ಅಂತ ಬರೆದು ತೋರಿಸಿ ನೋಡೋಣ.

ಮತ್ತೆ ಡಬ್ಬಿ ಕೈಗೆತ್ತಿಕೊಳ್ಳಿ. ಸೋಪಿನ ಜೊತೆ ಬಂದ ಮಾತು ‘ಶ್ರೀಗಂಧದ ತವರಿನಿಂದ’. ಇಂಗ್ಲಿಷಿನಲ್ಲಿ ಇದನ್ನ ಹೇಳೋಕೆ ಹೊರಟ್ರೆ ತವರು ಕೈತಪ್ಪುತ್ತೆ. ಹುಟ್ಟಿದ ಜಾಗ ಬೇರೆ, ತವರು ಬೇರೆ. ಮಗಳು ಬಿಟ್ಟುಹೋದ ಮನೆ, ಮತ್ತೆ ಮತ್ತೆ ನೆನೆಯೋ ಮನೆ ತವರು. ಹಡಗು ಹತ್ತಿ ಹೋಗ್ತಿದ್ದ ಗಂಧಕ್ಕೆ ಆ ಪದ ಎಷ್ಟು ಸರಿಯಾಗಿ ಒಪ್ಪುತ್ತೆ! ಇದು ಅನುವಾದ ಅಲ್ಲ. ಕನ್ನಡದಲ್ಲೇ ಹುಟ್ಟಿದ ಮಾತು.

ಈಗ ಅಕ್ಷರದ ಕಷ್ಟ ನೋಡಿ. ‘ಗಂಧದ’ ಪದದಲ್ಲಿ ಧ ಮತ್ತು ದ ಅಕ್ಕಪಕ್ಕ ಕೂತಿವೆ. ಎರಡಕ್ಕೂ ವ್ಯತ್ಯಾಸ ಏನು? ಕೆಳಗಿನ ಒಂದು ಸೀಳು, ಅಷ್ಟೇ. ಡಬ್ಬಿಯ ಪಕ್ಕದಲ್ಲಿ ಚಿಕ್ಕದಾಗಿ ಅಚ್ಚು ಹಾಕಿದಾಗ ಇಂಕು ಹರಡಿ ಆ ಸೀಳು ಮುಚ್ಚಿಹೋದ್ರೆ ಮಹಾಪ್ರಾಣ ಹೋಯ್ತು. ಹಾಗಾಗಿ ನೀವು ಯಾವ ಫಾಂಟ್ ಆರಿಸಿದ್ರೂ ಈ ಪದವನ್ನ ಒಮ್ಮೆ ಚಿಕ್ಕ ಅಳತೆಯಲ್ಲಿ ಪ್ರಿಂಟ್ ತೆಗೆದು ನೋಡಿ. ಸೀಳು ಕಂಡ್ರೆ ಫಾಂಟ್ ಪಾಸು.

ಈ ಒದ್ದಾಟ ಹೊಸದಲ್ಲ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದಾಗ ಅದು ಕಲ್ಲಚ್ಚು. ಅಂದ್ರೆ ಕೈಯಲ್ಲಿ ಬರೆದ ಅಕ್ಷರವನ್ನ ಕಲ್ಲಿನ ಮೇಲಿಂದ ಕಾಗದಕ್ಕೆ ಇಳಿಸೋದು. ಒಂದು ಲೆಕ್ಕದಲ್ಲಿ ಕನ್ನಡದ ಮೊದಲ ಪತ್ರಿಕೆ ಪೂರ್ತಿ ಲೆಟರಿಂಗ್! ಆಮೇಲೆ ಅಚ್ಚುಮೊಳೆಗಳ ಕಾಲ ಬಂತು. ಇಂಗ್ಲಿಷಿಗೆ ಇಪ್ಪತ್ತಾರು ದೊಡ್ಡಕ್ಷರ, ಇಪ್ಪತ್ತಾರು ಚಿಕ್ಕಕ್ಷರ. ಕನ್ನಡಕ್ಕೆ ಮೂಲ ಅಕ್ಷರ, ಕಾಗುಣಿತ, ಒತ್ತು ಎಲ್ಲಾ ಸೇರಿ ನೂರಾರು ಮೊಳೆ. ಮೊಳೆ ಜೋಡಿಸೋರು ಒತ್ತನ್ನ ಬೇರೆ ತುಂಡಾಗಿ ತಂದು ಕೂರಿಸಬೇಕಿತ್ತು. ಆ ಕಷ್ಟದಲ್ಲೇ ನಮ್ಮ ಪಠ್ಯಪುಸ್ತಕದ ಅಕ್ಷರಗಳ ಅಚ್ಚುಕಟ್ಟು ರೂಪ ಗಟ್ಟಿಯಾಯ್ತು.

ಅಂಗಡಿ ಬೋರ್ಡಿಗೆ ಮಾತ್ರ ಮೊಳೆಯ ಹಂಗಿರಲಿಲ್ಲ. ಬೋರ್ಡ್ ಬರೆಯೋರು ದಾರ ಹಿಡಿದು ಗೆರೆ ಹೊಡೆದು, ಎನಾಮಲ್ ಪೇಂಟಿನಲ್ಲಿ ಜಾಗಕ್ಕೆ ತಕ್ಕ ಹಾಗೆ ಅಕ್ಷರ ಹಿಗ್ಗಿಸಿ ಕುಗ್ಗಿಸಿ ಬರೀತಿದ್ರು. ಹಿಗ್ಗಿದ್ದು ಅಕ್ಷರದ ಹೊಟ್ಟೆ. ಗೆರೆಯ ದಪ್ಪ ಕುಂಚದ ದಪ್ಪವೇ. ಈ ಮಾತು ನೆನಪಲ್ಲಿಡಿ, ಮುಂದಿನ ಪೋಸ್ಟಿಗೆ ಬೇಕು.

9/10
ಕಾನೂನು ಜಾಗ ಕೊಟ್ಟಿದೆ. ಬರೆಯೋರು ಯಾರು?

ಕಂಪ್ಯೂಟರಿಗೆ ಕನ್ನಡ ಬಂದ ಕಥೆಯೂ ಹೆಮ್ಮೆಯದೇ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ‘ನುಡಿ’, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’. ಇವು ಇಲ್ಲದಿದ್ರೆ ನಾನು ಈ ಕ್ಯಾಪ್ಷನ್ ಬರೀತಿರಲಿಲ್ಲ. ವಿಂಡೋಸ್ ಜೊತೆಗೆ ‘ತುಂಗಾ’ ಫಾಂಟ್ ಬಂತು. ಓದೋಕೆ, ಪತ್ರ ಬರೆಯೋಕೆ ಅದು ಸಾಕಿತ್ತು. ಆದ್ರೆ ಬೋರ್ಡಿಗೂ, ಡಬ್ಬಿಗೂ, ಲಗ್ನಪತ್ರಿಕೆಗೂ ಅದನ್ನೇ ಬಳಸೋಕೆ ಶುರುಮಾಡಿದ್ವಿ.

ಅಷ್ಟರಲ್ಲಿ ಫ್ಲೆಕ್ಸ್ ಬಂತು. ಬೋರ್ಡ್ ಬರೆಯೋರಿಗೆ ಎರಡು ದಿನದ ಕೆಲಸ, ಮಶೀನಿಗೆ ಕೆಲವೇ ನಿಮಿಷ. ಜಾಗಕ್ಕೆ ಹೊಂದಿಸೋಕೆ ಫಾಂಟನ್ನ ಮೌಸಿನಲ್ಲಿ ಅಡ್ಡಕ್ಕೆ ಎಳೆದ್ರು. ಗೆರೆಯ ದಪ್ಪವೂ ಜೊತೆಗೇ ಎಳೆದುಕೊಂಡು ಹೋಯ್ತು. ಸೊನ್ನೆ ಮೊಟ್ಟೆ ಆಯ್ತು, ಒತ್ತು ಚಪ್ಪಟೆ ಆಯ್ತು. ಕುಂಚ ಹಿಗ್ಗಿಸಿದ್ದಕ್ಕೂ ಮೌಸು ಹಿಗ್ಗಿಸಿದ್ದಕ್ಕೂ ಇರೋ ವ್ಯತ್ಯಾಸ ಇದು. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಊರಿನ ಫ್ಲೆಕ್ಸುಗಳು ಇಳಿದ್ವು. ಆದ್ರೆ ಅಷ್ಟು ಹೊತ್ತಿಗೆ ಎಷ್ಟೋ ಕುಂಚಗಳು ಒಣಗಿಹೋಗಿದ್ವು.

ಈಗ ಮುಖ್ಯ ವಿಷಯ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ-2022 ಬಂತು. 2024ರ ತಿದ್ದುಪಡಿ ಪ್ರಕಾರ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡ 60 ಜಾಗ ಕನ್ನಡಕ್ಕೆ, ಅದೂ ಮೇಲ್ಭಾಗದಲ್ಲಿ. ಅದಕ್ಕೂ ಮುಂಚೆ, 2017ರಲ್ಲಿ, ನಮ್ಮ ಮೆಟ್ರೋ ಫಲಕಗಳ ಭಾಷೆ ಬಗ್ಗೆ ಜನ ದನಿ ಎತ್ತಿದ್ದು ನಿಮಗೆ ನೆನಪಿರಬಹುದು. ಜಾಗಕ್ಕಾಗಿ ನಡೆದ ಹೋರಾಟ ದೊಡ್ಡ ಮಟ್ಟಿಗೆ ಗೆದ್ದಿದೆ.

ಆ ಜಾಗ ತುಂಬ್ತಾ ಇರೋದು ಹೇಗೆ? ಇಂಗ್ಲಿಷ್ ಲೋಗೋಗೆ ತಿಂಗಳುಗಟ್ಟಲೆ ಕೆಲಸ. ಕನ್ನಡಕ್ಕೆ ಯಂತ್ರಾನುವಾದ, ಕೈಗೆ ಸಿಕ್ಕ ಫಾಂಟ್, ಐದು ನಿಮಿಷ. ‘ಕನ್ನಡ ಕೆಳಗೆ ಚಿಕ್ಕದಾಗಿ ಇಡಿ, ಇಲ್ಲಾಂದ್ರೆ ವಿಷುಯಲ್ ಕೆಡುತ್ತೆ’ ಅನ್ನೋ ಮಾತನ್ನ ಕ್ಲಾಸುಗಳಲ್ಲಿ ಕೇಳದೇ ಇರೋರು ನಮ್ಮಲ್ಲಿ ಕಮ್ಮಿ. ಕಾನೂನು ಅಳತೆ ಹೇಳಬಹುದು, ಚೆಂದ ಹೇಳೋಕಾಗಲ್ಲ. ಶೇಕಡ 60 ಜಾಗದಲ್ಲಿ ಕೆಟ್ಟ ಕನ್ನಡ ತುಂಬಿದ್ರೆ, ನೋಡೋ ಮಕ್ಕಳಿಗೆ ಕನ್ನಡ ಅಂದ್ರೆ ಕಣ್ಣಿಗೆ ಕಿರಿಕಿರಿ ಅಂತಲೇ ಅಭ್ಯಾಸ ಆಗುತ್ತೆ. ನಷ್ಟ ಆಗೋದು ಅಲ್ಲಿ.

ಸಾಧನ ಇಲ್ಲ ಅನ್ನೋ ನೆಪವೂ ಈಗಿಲ್ಲ. ಬಾಲೂ ತಮ್ಮ, ಅನೇಕ್ ಕನ್ನಡ, ಅಕಾಯ ಕನ್ನಡಕ, ಹುಬ್ಬಳ್ಳಿ, ಬೆಣ್ಣೆ ಎಲ್ಲಾ ಗೂಗಲ್ ಫಾಂಟ್ಸಲ್ಲಿ ಪುಕ್ಕಟೆ ಸಿಗುತ್ತೆ. ಸಾಫ್ಟ್‌ವೇರಲ್ಲಿ ಒತ್ತು ಒಡೆದು ಕಂಡ್ರೆ ಪ್ಯಾರಾಗ್ರಾಫ್ ಸೆಟ್ಟಿಂಗಿಗೆ ಹೋಗಿ ಭಾರತೀಯ ಲಿಪಿಗೆ ಹೊಂದೋ ಕಂಪೋಸರ್ ಆರಿಸಿ. ಅಷ್ಟೇ ಕೆಲಸ.

10/10
ಈಗ ನಿಮ್ಮ ಸರದಿ: ಮೂರು ಕೆಲಸ, ಮೂರು ವಾರ.

ಮೊದಲನೇ ವಾರ, ಅಕ್ಷರ. ನಿಮ್ಮ ಬಡಾವಣೆಯ ಹೆಸರನ್ನ ಕೈಯಲ್ಲೇ ಬರೀರಿ. ಇಪ್ಪತ್ತು ಸಲ. ಇಂಗ್ಲಿಷ್ ಹೆಸರು ಹತ್ತಿರಕ್ಕೂ ಬರಬಾರದು. ಒತ್ತಿಗೆ ಜಾಗ ಮೊದಲೇ ಇಡಿ. ಕೊನೆಗೆ ಅದೇ ಶೈಲಿಯಲ್ಲಿ ‘ಗಂಧದ’ ಅಂತ ಬರೆದು ಚಿಕ್ಕದು ಮಾಡಿ, ಸೀಳು ಉಳಿಯುತ್ತಾ ನೋಡಿ.

ಎರಡನೇ ವಾರ, ಲಾಂಛನ. ನಿಮ್ಮ ರಸ್ತೆಯ ಒಂದು ಪುಟ್ಟ ಅಂಗಡಿ ಆರಿಸಿ. ಕಾಂಡಿಮೆಂಟ್ಸ್, ಹಿಟ್ಟಿನ ಗಿರಣಿ, ಸೈಕಲ್ ಶಾಪು, ಯಾವುದಾದ್ರೂ ಸರಿ. ಜನರಿಗೆ ಆಗಲೇ ಗೊತ್ತಿರೋ ರೂಪದಿಂದ ಗುರುತು ಹುಟ್ಟಬೇಕು. ಒಂದೇ ಬಣ್ಣ. ಒಂದು ಸೆಂಟಿಮೀಟರಿಗೆ ಇಳಿಸಿದ್ರೂ ಏನು ಅಂತ ತಿಳೀಬೇಕು. ಆಮೇಲೆ ಅಂಗಡಿಯವರನ್ನೇ ಕೇಳಿ: ‘ಇದನ್ನ ಏನಂತ ಕರೀತೀರಾ?’ ಅವರು ಒಂದೇ ಪದದಲ್ಲಿ ಹೇಳಿದ್ರೆ ನೀವು ಗೆದ್ರಿ.

ಮೂರನೇ ವಾರ, ಡಬ್ಬಿ. ಆವತ್ತು ಎತ್ತಿಟ್ಟ ಖಾಲಿ ಸೋಪಿನ ಡಬ್ಬಿ ತನ್ನಿ. ಅಂಟು ಬಿಡಿಸಿ ಚಪ್ಪಟೆಯಾಗಿ ಹರಡಿ. ಎಲ್ಲಿ ಮಡಿಕೆ, ಎಲ್ಲಿ ಅಂಟಿನ ಪಟ್ಟಿ, ಯಾವ ಮುಖ ಗ್ರಾಹಕರಿಗೆ ಮೊದಲು ಕಾಣುತ್ತೆ, ಬೆಲೆ ತೂಕ ವಿಳಾಸ ಎಲ್ಲಿ ಕೂತಿದೆ, ಎಲ್ಲಾ ಪೆನ್ಸಿಲಲ್ಲಿ ಗುರುತು ಮಾಡಿ. ಅದೇ ಅಳತೆಯಲ್ಲಿ ನಿಮ್ಮ ಅಂಗಡಿಗೆ ಒಂದು ಡಬ್ಬಿ ಮಾಡಿ. ಮುಂದಿನ ಮುಖದಲ್ಲಿ ಮೊದಲು ಕನ್ನಡ ಕೂರಿಸಿ, ಇಂಗ್ಲಿಷ್ ಉಳಿದ ಜಾಗದಲ್ಲಿ ಹೊಂದಿಕೊಳ್ಳಲಿ. ಇಷ್ಟು ದಿನ ಕನ್ನಡ ಹೊಂದಿಕೊಂಡಿದೆ, ಒಂದು ಸಲ ಅದೂ ಹೊಂದಿಕೊಳ್ಳಲಿ ಬಿಡಿ.

ಸಾಧ್ಯವಾದ್ರೆ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆಗೋ ಕಾಮಾಕ್ಷಿಪಾಳ್ಯದ ಕಡೆಗೋ ಹೋಗಿ, ಡಬ್ಬಿ ಮಾಡೋ ಒಂದು ಪ್ರೆಸ್ ನೋಡಿ ಬನ್ನಿ. ಮೊದಲೇ ಕೇಳ್ಕೊಂಡು ಹೋಗಿ. ಪ್ಲೇಟ್, ಡೈ ಪಂಚಿಂಗ್, ಪೇಸ್ಟಿಂಗ್ ಕಣ್ಣಾರೆ ಕಂಡ ಮೇಲೆ ನೀವು ಸ್ಕ್ರೀನಲ್ಲಿ ಎಳೆಯೋ ಗೆರೆಯೇ ಬದಲಾಗುತ್ತೆ. ಒಂದು ಬಣ್ಣ ಜಾಸ್ತಿ ಆದ್ರೆ ಯಾರ ಜೇಬಿಗೆ ಎಷ್ಟು ಭಾರ ಅಂತ ಅಲ್ಲಿನೋರು ಒಂದೇ ಮಾತಲ್ಲಿ ಹೇಳ್ತಾರೆ.

ಸೋಪ್ ಶಾಸ್ತ್ರಿಗಳು ಡಿಸೈನ್ ಓದಿದವರಲ್ಲ, ರಸಾಯನಶಾಸ್ತ್ರ ಓದಿದವರು. ಆದ್ರೂ ಅವರ ಕೆಲಸ ಉಳೀತು. ಗಂಧ ಇಲ್ಲಿನದು, ಶರಭ ಇಲ್ಲಿನದು, ತವರು ಅನ್ನೋ ಮಾತೂ ಇಲ್ಲಿನದು. ಕಲಿಯೋಕೆ ಇಂಗ್ಲೆಂಡಿಗೆ ಹೋದ್ರು, ಹೇಳೋಕೆ ಬೇಕಾದ್ದನ್ನ ಮಾತ್ರ ಇಲ್ಲಿಂದಲೇ ತಗೊಂಡ್ರು. ನಾವೂ ಎಲ್ಲಿಂದ ಬೇಕಾದ್ರೂ ಕಲಿಯೋಣ. ಸ್ವಿಟ್ಜರ್ಲೆಂಡಿನ ಪೋಸ್ಟರೂ ನೋಡೋಣ. ಕೈಗೆ ಕಚ್ಚಾ ಸಾಮಗ್ರಿ ತಗೋಬೇಕಾದಾಗ ಮಾತ್ರ ಕಾಲ ಕೆಳಗಿನ ನೆಲ ನೋಡೋಣ.

ಮಾಡಿದ್ದನ್ನ ಟ್ಯಾಗ್ ಮಾಡಿ. ಮುಂದಿನ ಸರಣಿ ನಿಮ್ಮ ಡಬ್ಬಿಗಳದ್ದೇ. ನಿಮ್ಮ ಏರಿಯಾದ ಯಾವ ಹಳೇ ಬೋರ್ಡಿನ ಅಕ್ಷರ ನಿಮಗಿಷ್ಟ? ಅದು ಇಳಿಯೋ ಮುಂಚೆ ಒಂದು ಫೋಟೋ ತೆಗೆದು ಕಾಮೆಂಟಲ್ಲಿ ಜಾಗ ಹೇಳಿ.

#ಕನ್ನಡಅಕ್ಷರ #ಕನ್ನಡಲೆಟರಿಂಗ್ #ರಾಜಾಜಿನಗರ #ವಿಜಯನಗರ #ಬಸವೇಶ್ವರನಗರ #ಕೆಂಗೇರಿ #ಡಿಸೈನ್‌ಇತಿಹಾಸ #ಶ್ರೀಗಂಧ